ಮುತ್ತಾತನ ಹಿತ್ತಾಳೆ ಮಸಿಕುಡಿಕೆಗೆ ಹುಣಸೆಹಣ್ಣು ಹಚ್ಚಿ ತಿಕ್ಕಬಹುದಾ?

ಚಿಂತಾಮಣಿ_ಹಳೇಮನೆ:
ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ಹತ್ತಿರದ ನಮ್ಮ ಹಳೇ ಮನೆ ಬೀಳಿಸೋ ಮುಂಚೆ ಅಟ್ಟ ಖಾಲಿ ಮಾಡಿಸ್ತಿದ್ದೀವಿ. ಮುತ್ತಾತ ಶಾನುಭೋಗರಾಗಿದ್ದರು. ಅವರ ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆ ಸಿಕ್ಕಿದೆ. ಒಳಗೆ ಒಂದು ಹಿತ್ತಾಳೆ ಮಸಿಕುಡಿಕೆ, ಲಾಳದ ಕಡ್ಡಿ ಲೇಖನಿಗಳು, ಮುಚ್ಚಳದ ತುಂಬ ಸಣ್ಣ ತೂತಿರೋ ಡಬ್ಬಿ, ಅಡ್ಡಡ್ಡ ಮಡಿಚಿರೋ ಕಪ್ಪು ಬಟ್ಟೆ ಪುಸ್ತಕ. ಜೊತೆಗೆ ತಾತಂದು ಇರಬೇಕು, ಕಂದುಬಣ್ಣಕ್ಕೆ ತಿರುಗಿರೋ ಫೌಂಟನ್ ಪೆನ್ನು. ಅತ್ತೆ ಹಿತ್ತಾಳೇನ ಹುಣಸೆಹಣ್ಣಲ್ಲಿ ತಿಕ್ಕು, ಪುಸ್ತಕಾನ ಒದ್ದೆ ಬಟ್ಟೇಲಿ ಒರೆಸು ಅಂತಿದ್ದಾರೆ. ಗುಜರಿಯವನು ಹಿತ್ತಾಳೇನ ತೂಕಕ್ಕೆ ಕೇಳ್ತಿದ್ದಾನೆ. ಏನು ಮಾಡಲಿ?

ತುಮಕೂರು_ಲೆಕ್ಕಣಿಕೆ:
ಮೇಡಂ, ಮೊದಲು ಆ ಒದ್ದೆ ಬಟ್ಟೆ ಪಕ್ಕಕ್ಕಿಡಿ! ನಿಮ್ಮ ಕಪ್ಪು ಪುಸ್ತಕ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಒಣಗಿಸಿ, ಬಳಪದಲ್ಲಿ ಬರೀತಿದ್ದರು. ಬೇಡವಾದಾಗ ಅಳಿಸಿ ಮತ್ತೆ ಬಳಿದು ಬರೆಯೋಕೆ ಅಂತಲೇ ಮಾಡಿದ್ದು. ಅಂದರೆ ಒಂದು ಸಲ ಒರೆಸಿದರೆ ಮುತ್ತಾತನ ಲೆಕ್ಕ ಹೋಯ್ತು, ಯಾರಿಂದಲೂ ವಾಪಸ್ ತರೋಕಾಗಲ್ಲ. ಮಡಿಕೆಗಳನ್ನ ಬಲವಂತವಾಗಿ ಬಿಡಿಸಬೇಡಿ, ತಾನಾಗಿ ತೆರೆಯೋ ಪುಟಗಳ ಫೋಟೋ ತೆಗೀರಿ. ಬೆಳಕು ಪಕ್ಕದಿಂದ ಬೀಳಲಿ, ಮಾಸಿದ ಬಳಪದ ಗೆರೆಯೂ ಕಾಣುತ್ತೆ. ಮೋಡಿ ಅಕ್ಷರ, ಅಂದರೆ ಕೂಡಿಸಿ ಬರೆಯೋ ಹಳೇ ಲಿಪಿ ಇರಬಹುದು, ಓದೋಕೆ ಬರಲಿಲ್ಲ ಅಂತ ಎಸೀಬೇಡಿ. ಹುಣಸೆ ಅಂಟಿಗೆ ಹುಳ ಬೇಗ ಬರುತ್ತೆ, ಬೇರೆ ಕಡೆ ಒಣ ಜಾಗದಲ್ಲಿಡಿ.

ಹಿತ್ತಾಳೆ ವಿಷಯ. ಹುಣಸೆಹುಳಿ ಕಿಲುಬಿನ ಜೊತೆ ಮೇಲಿನ ಕಂದು ಪದರಾನೂ ತಿಂದುಹಾಕುತ್ತೆ. ಹಸಿರು ಪುಡಿ ಇದ್ದರೆ ಮೆತ್ತನೆ ಒಣ ಬ್ರಶ್ಶಲ್ಲಿ ಉದುರಿಸಿ, ಸಾಕು. ಕುಡಿಕೆ ತಳದಲ್ಲಿ ಗಟ್ಟಿಯಾಗಿರೋ ಮಸೀನ ದಯವಿಟ್ಟು ಕೆರೀಬೇಡಿ. ನನ್ನ ಮಟ್ಟಿಗೆ ಅದೇ ಆ ಕುಡಿಕೆಯ ಜೀವ. ಅದು ದೀಪದ ಕಪ್ಪಿಗೆ ಗೋಂದು ಸೇರಿಸಿದ ಮಸಿಯೋ, ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಲವಣ) ಹಾಕಿದ್ದೋ ಅಂತ ತಿಳಿದವರು ಪರೀಕ್ಷೆ ಮಾಡಿ ಹೇಳ್ತಾರೆ. ತಿಕ್ಕಿ ಹೊಳೆಯೋ ಕುಡಿಕೆಗಳು ಇಲ್ಲಿ ಮಂಡಿಪೇಟೆ ಕಡೆ ಬೇಕಾದಷ್ಟು ಸಿಗುತ್ತವೆ. ಯಾರದ್ದು, ಯಾವೂರಿಂದು ಅಂತ ಕೇಳಿದರೆ ಮಾರೋನಿಗೂ ಗೊತ್ತಿರಲ್ಲ. ನಿಮ್ಮದು ಹಾಗಲ್ಲ. ಪೆಟ್ಟಿಗೆ, ಕುಡಿಕೆ, ಕಡ್ಡಿ, ಕಡತ, ಮನೆತನ, ಊರು, ಎಲ್ಲಾ ಒಂದೇ ಕಡೆ ಇದೆ. ಇಡೀ ಸೆಟ್ಟು ಹೀಗೆ ಸಿಗೋದು ಬಹಳ ಅಪರೂಪ. 1961ರ ಕಾಯ್ದೆ ವಂಶಪಾರಂಪರ್ಯ ಶಾನುಭೋಗಿಕೆ ತೆಗೆದ ಮೇಲೆ ಎಷ್ಟೋ ಪೆಟ್ಟಿಗೆಗಳು ಬಚ್ಚಲ ಒಲೆಗೆ ಹೋದವು. ಇದನ್ನ ಬಿಡಿಬಿಡಿ ಮಾಡಿ ಮಾರಬೇಡಿ.

ತೂತಿನ ಡಬ್ಬಿ ಮರಳಿನದು ಅನ್ಸುತ್ತೆ. ಹಸಿ ಅಕ್ಷರದ ಮೇಲೆ ಉದುರಿಸಿ ಆಮೇಲೆ ಕೊಡವೋದು. ಅಲ್ಲಾಡಿಸಿ ನೋಡಿ.

ರಾಬರ್ಟ್‌ಸನ್‌ಪೇಟೆ:
ತುಮಕೂರಿನವರು ಹೇಳಿದ್ದು ಸರಿ. ನಮ್ಮ ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚಿತು. ಆಫೀಸಿನ ಗಾಜಿನ ಮಸಿಬಾಟ್ಲಿ, ಬ್ಲಾಟಿಂಗ್ ಪೇಪರ್ ಸುತ್ತೋ ಮರದ ಹಿಡಿ ಅಂತ ಈಗ ಬಿಡಿಬಿಡಿಯಾಗಿ ಕೈಗೆ ಬರುತ್ತವೆ, ಯಾವ ಮೇಜಿನದು ಅಂತ ಹೇಳೋರೇ ಇಲ್ಲ.

ಪೆನ್ನು ಬಹುಶಃ ಎಬೊನೈಟ್, ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬೆರಳಲ್ಲಿ ಜೋರಾಗಿ ಉಜ್ಜಿ ಮೂಸಿ, ಗಂಧಕದ ವಾಸನೆ ಬಂದರೆ ಅದೇ. ಬೆಳಕಿಗೆ, ತೇವಕ್ಕೆ ಕಪ್ಪು ಎಬೊನೈಟ್ ಹೀಗೆ ಕಂದಾಗುತ್ತೆ. ಇಡೀ ಪೆನ್ನನ್ನ ನೀರಲ್ಲಿ ನೆನೆಹಾಕಬೇಡಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್ ಅನ್ನೋ ಹಳೇ ಪ್ಲಾಸ್ಟಿಕ್, ಬೆಂಕಿ ಹತ್ತಿರ ತರಲೇಬೇಡಿ, ಹಿತ್ತಾಳೆ ಜೊತೆ ಒಂದೇ ಡಬ್ಬಿಯಲ್ಲೂ ಇಡಬೇಡಿ.

ಚಿಂತಾಮಣಿ_ಹಳೇಮನೆ:
ತುಂಬ ಉಪಕಾರ ಆಯ್ತು ಸಾರ್. ಡಬ್ಬಿ ಅಲ್ಲಾಡಿಸಿದೆ, ನಿಜವಾಗ್ಲೂ ನುಣ್ಣನೆ ಮರಳು ಉದುರ್ತು! ಪೆನ್ನು ಗಂಧಕದ ವಾಸನೇನೇ. ಆದರೆ ತಿರುಪು ಬಿಗಿಯಾಗಿದೆ. ಮತ್ತೆ, ಕಡತ ಯಾರಿಗಾದರೂ ತೋರಿಸಬೇಕಲ್ವಾ?

ರಾಬರ್ಟ್‌ಸನ್‌ಪೇಟೆ:
ಇಕ್ಕಳ ಹಾಕಬೇಡಿ. ಅಂಗೈಯಲ್ಲಿ ಸ್ವಲ್ಪ ಹೊತ್ತು ಬಿಗಿಯಾಗಿ ಹಿಡಿದು, ಬಿಸಿಯಾದ ಮೇಲೆ ಮೆಲ್ಲಗೆ ತಿರುಗಿಸಿ. ಬರದಿದ್ದರೆ ಬಿಟ್ಟುಬಿಡಿ, ಇನ್ನೊಂದು ದಿನ ನೋಡಿದರಾಯ್ತು.

ತುಮಕೂರು_ಲೆಕ್ಕಣಿಕೆ:
ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲೋ, ಬೆಂಗಳೂರಲ್ಲಿ ರಾಜ್ಯ ಪತ್ರಾಗಾರದಲ್ಲೋ ಫೋಟೋ ತೋರಿಸಿ ಕೇಳಿ. 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ವಸ್ತುಗಳು, ಐತಿಹಾಸಿಕ ಮಹತ್ವದ ಹಸ್ತಪ್ರತಿ, ದಾಖಲೆ ಆದರೆ 75 ವರ್ಷ ದಾಟಿದವು ಪುರಾತನ ವಸ್ತುಗಳ ಲೆಕ್ಕಕ್ಕೆ ಬರುತ್ತವೆ. ವಿದೇಶದಿಂದ ಯಾರಾದರೂ ಒಳ್ಳೇ ಬೆಲೆಗೆ ಕೇಳಿದರೂ ಕಳಿಸೋ ಹಾಗಿಲ್ಲ. ಗುಜರಿಯವನಿಗೆ ಇವತ್ತೇ ಬೇಡ ಅಂತ ಹೇಳಿ ಕಳಿಸಿ, ಮತ್ತೆ ಬಂದಾಗ ನೀವು ಮನೇಲಿಲ್ಲದೆ ಹೋಗಬಹುದು.