ಸಹಾಯ ಬೇಕು: ಭತ್ತದ ನಡುವೆ ನೀರು ಪಾಲಕ್ ಬೆಳೆದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಹೋದ ಸಲ ನನ್ನ ಭತ್ತಕ್ಕೆ ಬುಡದಿಂದಲೇ ರೋಗ ಹತ್ತಿತು. ನೀರಿನ ಮಟ್ಟದಲ್ಲಿ, ದಂಟನ್ನು ಸುತ್ತಿಕೊಂಡಿರುವ ಎಲೆ ಕವಚದ ಮೇಲೆ, ನಡುವೆ ಬೂದು, ಅಂಚಿಗೆ ಕಂದು ಬಣ್ಣದ ಮಚ್ಚೆ. ಕೈಯಲ್ಲಿ ಪೈರು ಸರಿಸಿ ನೋಡಿದರೆ ಸಾಸಿವೆ ಕಾಳಿನ ಹಾಗೆ ಶಿಲೀಂಧ್ರದ ಗಂಟುಗಳು. ಇವು ನೀರಲ್ಲಿ ತೇಲಿಕೊಂಡು ಪಕ್ಕದ ಬುಡಕ್ಕೂ ಅಂಟುತ್ತವೆ. ಯೂರಿಯಾ ಜಾಸ್ತಿ ಹಾಕಿದ್ದು, ಒತ್ತಾಗಿ ನೆಟ್ಟಿದ್ದು ನನ್ನದೇ ತಪ್ಪು ಬಿಡಿ.

ಈ ಸಲ ಭತ್ತದ ಕೆಲವು ಸಾಲು ಬಿಟ್ಟು ಅಲ್ಲಿ ನೀರು ಪಾಲಕ್ ಹಾಕೋಣ ಅಂತಿದ್ದೇನೆ. ಟೊಳ್ಳು ದಂಟಿನ ಸೊಪ್ಪು, ನಿಂತ ನೀರಲ್ಲೇ ಬರುತ್ತದೆ. ಆಗಾಗ ಕೊಯ್ದರೆ ಸಾಲಿನ ನಡುವೆ ಗಾಳಿ ಬೆಳಕು ಆಡುತ್ತದೆ, ರೋಗ ಹರಡೋದು ಕಡಿಮೆ ಆಗಬೇಕು ಅಲ್ವಾ?

ಮಾಡಿ ನೋಡಿದವರು ಹೇಳಿ: ಎಷ್ಟು ಸಾಲು ಭತ್ತಕ್ಕೆ ಎಷ್ಟು ಸಾಲು ಸೊಪ್ಪು? ನಾಟಿ ದಿನವೇ ದಂಟು ಊರಬೇಕಾ, ಭತ್ತ ಬೇರು ಹಿಡಿದ ಮೇಲಾ? ಗೆಣ್ಣು ಗೆಣ್ಣಿಗೂ ಬೇರು ಬಿಡುವ ಬಳ್ಳಿ ಇದು, ಆಮೇಲೆ ಕಳೆಯಾಗಿ ಕಾಡುತ್ತಾ? ಭತ್ತಕ್ಕೆ ಔಷಧಿ ಹೊಡೆದರೆ ಸೊಪ್ಪು ತಿನ್ನೋ ಹಾಗಿಲ್ಲ, ಅದನ್ನು ಹೇಗೆ ನಿಭಾಯಿಸಿದಿರಿ? ಫೋಟೋ ಇದ್ದರೆ ಹಾಕಿ.