ದಾಬಸ್‌ಪೇಟೆಯ ಗೋದಾಮಿಗೆ ವಿದ್ಯುತ್ ಫೋರ್ಕ್‌ಲಿಫ್ಟ್: ರೀಚ್ ಟ್ರಕ್ಕೋ, ಮೂರು ಚಕ್ರದ್ದೋ?

ಗೋದಾಮು ವ್ಯವಸ್ಥಾಪಕ, ದಾಬಸ್‌ಪೇಟೆ

ಮಾನ್ಯರೇ, ದಾಬಸ್‌ಪೇಟೆಯಲ್ಲಿ ಬಾಡಿಗೆಗೆ ಪಡೆದಿರುವ ಗೋದಾಮಿನಲ್ಲಿ ನಾವು ಅಡುಗೆ ಎಣ್ಣೆ, ಬೇಳೆ ಮತ್ತು ಬಿಸ್ಕತ್ತನ್ನು ದಾಸ್ತಾನು ಮಾಡುತ್ತೇವೆ. ಸದ್ಯ ಸರಕನ್ನು ನೆಲದ ಮೇಲೆಯೇ ಪೇರಿಸುತ್ತಿದ್ದು, ಬಾಡಿಗೆಯ ಡೀಸೆಲ್ ಫೋರ್ಕ್‌ಲಿಫ್ಟ್ ಬಳಸುತ್ತಿದ್ದೇವೆ. ಆಹಾರ ಪದಾರ್ಥಗಳ ನಡುವೆ ಹೊಗೆ ಬೇಡವೆಂದು ಮಾಲೀಕರು ವಿದ್ಯುತ್ ಯಂತ್ರ ಕೊಳ್ಳಲು ಒಪ್ಪಿದ್ದಾರೆ. ಜೊತೆಗೆ ಮುಂದಿನ ತಿಂಗಳು ರ್ಯಾಕ್‌ಗಳನ್ನೂ ಕೂರಿಸಲಿದ್ದೇವೆ. ಪ್ಯಾಲೆಟ್ (ಸರಕು ಪೇರಿಸುವ ಹಲಗೆ) 1200 × 1000 ಮಿ.ಮೀ., ತುಂಬಿದಾಗ ತೂಕ 1100 ಕಿಲೋ, ರ್ಯಾಕ್‌ನ ಮೇಲಿನ ಅಡ್ಡಪಟ್ಟಿಯ ಎತ್ತರ 6 ಮೀಟರ್. ನಕ್ಷೆಯಲ್ಲಿ ರ್ಯಾಕ್‌ಗಳ ನಡುವಿನ ಹಾದಿ 3.1 ಮೀಟರ್ ಇದೆ. ಡಾಕ್ (ಲಾರಿಯ ಮಟ್ಟಕ್ಕೆ ಎತ್ತರಿಸಿದ ಕಟ್ಟೆ) ಇಲ್ಲ, ಲಾರಿಗಳು ಇಂಟರ್‌ಲಾಕ್ ಕಲ್ಲು ಹಾಸಿದ ಅಂಗಳದಲ್ಲಿ ನಿಲ್ಲುತ್ತವೆ. ಮಾರಾಟಗಾರರೊಬ್ಬರು ಒಂದೂವರೆ ಟನ್ನಿನ ಮೂರು ಚಕ್ರದ ಯಂತ್ರ ಸಾಕೆನ್ನುತ್ತಾರೆ, ಇನ್ನೊಬ್ಬರು ಕಿರಿದಾದ ಹಾದಿಯಲ್ಲಿ ಫೋರ್ಕನ್ನು ಮುಂದಕ್ಕೆ ಚಾಚಿ ಸರಕು ಎತ್ತುವ ರೀಚ್ ಟ್ರಕ್ಕೇ ಆಗಬೇಕೆನ್ನುತ್ತಾರೆ. ಯಾರ ಮಾತನ್ನು ನಂಬುವುದು?

ನಿರ್ವಹಣಾ ಇಂಜಿನಿಯರ್, ಪೀಣ್ಯ

ರ್ಯಾಕ್‌ಗಳನ್ನು ಇನ್ನೂ ಬೋಲ್ಟ್ ಹಾಕಿ ಬಿಗಿದಿಲ್ಲವೆಂಬುದೇ ನಿಮಗಿರುವ ದೊಡ್ಡ ಅನುಕೂಲ. ಯಂತ್ರವನ್ನೂ ನಕ್ಷೆಯನ್ನೂ ಒಟ್ಟಿಗೇ ತೀರ್ಮಾನಿಸಿ. ಒಂದನ್ನು ಮೊದಲು ಕೊಂಡು ಇನ್ನೊಂದನ್ನು ಅದಕ್ಕೆ ಹೊಂದಿಸಲು ಹೊರಟವರು ಆಮೇಲೆ ಪಡುವ ಪಾಡು ಅಷ್ಟಿಷ್ಟಲ್ಲ.

ಮೊದಲಿಗೆ ಹಾದಿಯ ಅಳತೆ. 3.1 ಮೀಟರ್ ಎಂಬುದು ಕಂಬದಿಂದ ಕಂಬಕ್ಕೆ ಅಳೆದದ್ದಿರಬೇಕು. 1200 ಮಿ.ಮೀ. ಆಳದ ಪ್ಯಾಲೆಟ್ಟನ್ನು 1000 ಮಿ.ಮೀ. ಆಳದ ರ್ಯಾಕ್‌ನಲ್ಲಿ ಇಟ್ಟರೆ ಅದು ಮುಂದೆ 100 ಮಿ.ಮೀ. ಚಾಚಿಕೊಳ್ಳುತ್ತದೆ, ಎದುರು ಸಾಲಿನದೂ ಅಷ್ಟೇ ಚಾಚುವುದರಿಂದ ಯಂತ್ರಕ್ಕೆ ಉಳಿಯುವುದು 2.9 ಮೀಟರ್. ಈ ಅಗಲದಲ್ಲಿ ರೀಚ್ ಟ್ರಕ್ ತಿರುಗುತ್ತದೆ. ಮೂರು ಚಕ್ರದ ಯಂತ್ರಕ್ಕೆ, ಸರಕು ಹೊತ್ತು ತೊಂಬತ್ತು ಡಿಗ್ರಿ ತಿರುಗಲು, ಸುಮಾರು 3.3ರಿಂದ 3.5 ಮೀಟರ್ ಬೇಕು. ನಾಲ್ಕು ಚಕ್ರದ್ದಕ್ಕೆ ಇನ್ನೂ ಹೆಚ್ಚು.

ಎರಡನೆಯದು ತೂಕ. ಒಂದೂವರೆ ಟನ್ ಎಂದು ಬರೆದಿರುವುದು, ಸರಕಿನ ಭಾರಕೇಂದ್ರ ಫೋರ್ಕ್‌ನ ಮುಖದಿಂದ 500 ಮಿ.ಮೀ. ದೂರದಲ್ಲಿದ್ದಾಗ ಮಾತ್ರ ನಿಜ. 1000 ಮಿ.ಮೀ. ಬದಿಯಿಂದ ಫೋರ್ಕ್ ತೂರಿಸಿದರೆ ನಿಮ್ಮ ಪ್ಯಾಲೆಟ್ಟಿನ ಆಳ 1200, ಭಾರಕೇಂದ್ರ 600. ಮುಂದಿನ ಆಕ್ಸಲ್‌ನಿಂದ ಫೋರ್ಕ್‌ನ ಮುಖಕ್ಕೆ 350 ಮಿ.ಮೀ. ಇದೆಯೆಂದು ಹಿಡಿದು ಲೆಕ್ಕ ಹಾಕಿ: 1500 × 850 ÷ 950, ಅಂದರೆ ಸುಮಾರು 1340 ಕಿಲೋ. ಇದು ಇನ್ನೂ ಕೆಳಮಟ್ಟದ ಲೆಕ್ಕ. ಮಾಸ್ಟ್ (ಫೋರ್ಕನ್ನು ಮೇಲೇರಿಸುವ ಕಂಬ) ಆರು ಮೀಟರ್ ಏರಿದಾಗ ಸಾಮರ್ಥ್ಯ ಮತ್ತೂ ಇಳಿಯುತ್ತದೆ, ಆಗ 1100 ಕಿಲೋ ಎತ್ತುವುದು ಸುರಕ್ಷಿತವೋ ಅಲ್ಲವೋ ಎಂಬುದನ್ನು ಆ ಮಾದರಿಯ, ಅದೇ ಮಾಸ್ಟ್‌ನ ಸಾಮರ್ಥ್ಯ ಪಟ್ಟಿಯೊಂದೇ ಹೇಳಬಲ್ಲದು. ಆ ಪಟ್ಟಿಯನ್ನು ಲಿಖಿತವಾಗಿ ಕೊಡದ ಮಾರಾಟಗಾರರೊಂದಿಗೆ ದರದ ಮಾತೇ ಬೇಡ. ಮೂರು ಚಕ್ರದ್ದೇ ಆದರೆ ನಿಮಗೆ ಎರಡು ಟನ್ನಿನದು ಬೇಕಾದೀತು.

ನನ್ನ ಆಯ್ಕೆ 1.6 ಟನ್ನಿನ ರೀಚ್ ಟ್ರಕ್. ಆದರೆ ನೆಲವನ್ನು ಪರೀಕ್ಷಿಸಿ. ಟ್ರಿಮಿಕ್ಸ್ ನೆಲ (ಹೆಚ್ಚುವರಿ ನೀರನ್ನು ಹೀರಿ ತೆಗೆದು ಗಟ್ಟಿಗೊಳಿಸಿದ ಕಾಂಕ್ರೀಟ್) ಎಂದ ಮಾತ್ರಕ್ಕೆ ಸಮತಟ್ಟಾಗಿದೆ ಎಂದೇನಿಲ್ಲ. 1.1 ಮೀಟರ್ ಅಂತರದ ಎರಡು ಚಕ್ರಗಳ ಕೆಳಗೆ 5 ಮಿ.ಮೀ. ಏರುಪೇರಿದ್ದರೆ, ಆರು ಮೀಟರ್ ಮೇಲೆ ಫೋರ್ಕ್ 27 ಮಿ.ಮೀ. ಪಕ್ಕಕ್ಕೆ ವಾಲಿರುತ್ತದೆ, ಮಾಸ್ಟ್‌ನ ತೂಗಾಟ ಬೇರೆ.

ಸಾಗಣೆ ಮೇಲ್ವಿಚಾರಕಿ, ನೆಲಮಂಗಲ

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ, ತೀರ್ಮಾನವನ್ನು ಪೂರ್ತಿ ಒಪ್ಪಲಾರೆ. ಡಾಕ್ ಇಲ್ಲದ ಗೋದಾಮಿನಲ್ಲಿ ರೀಚ್ ಟ್ರಕ್ ಒಂದನ್ನೇ ಕೊಂಡರೆ ಲಾರಿಯಿಂದ ಸರಕು ಇಳಿಸುವವರು ಯಾರು? ಅದರ ಪಾಲಿಯುರಿಥೇನ್ ಚಕ್ರಗಳು ಚಿಕ್ಕವು, ಗಟ್ಟಿಯಾದವು. ಇಂಟರ್‌ಲಾಕ್ ಕಲ್ಲಿನ ಸಂದುಗಳ ಮೇಲೆ ಓಡಿಸಿದರೆ ಅಂಚು ಕಿತ್ತುಬರುತ್ತವೆ, ಮಳೆಗಾಲದಲ್ಲಿ ಜಾರುತ್ತವೆ. ಅಂಗಳದ ಕೆಲಸಕ್ಕೆ ರಬ್ಬರ್ ಟೈರಿನ ಕೌಂಟರ್‌ಬ್ಯಾಲೆನ್ಸ್ ಯಂತ್ರವೇ, ಅಂದರೆ ಮುಂದಿನ ಸರಕನ್ನು ಹಿಂದಿನ ಪ್ರತಿಭಾರದಿಂದ ಸರಿದೂಗಿಸುವಂಥದ್ದೇ, ಬೇಕು; ಮೂರು ಚಕ್ರದ್ದೂ ಇದೇ ಬಗೆಯದು.

ಹಾಗಾಗಿ ನಿಮ್ಮ ಮುಂದಿರುವುದು ಎರಡೇ ದಾರಿ: ಒಳಗೊಂದು ರೀಚ್ ಟ್ರಕ್, ಹೊರಗೊಂದು ಚಿಕ್ಕ ಕೌಂಟರ್‌ಬ್ಯಾಲೆನ್ಸ್, ಇಲ್ಲವೇ ಹಾದಿಯನ್ನು ಅಗಲಗೊಳಿಸಿ ಎರಡು ಟನ್ನಿನ ಮೂರು ಚಕ್ರದ ಯಂತ್ರವೊಂದರಿಂದಲೇ ಎರಡೂ ಕೆಲಸ. ಬೆನ್ನಿಗೆ ಬೆನ್ನು ಹಚ್ಚಿದ ಜೋಡಿ ಸಾಲು ಸುಮಾರು 2.5 ಮೀಟರ್ ಹಿಡಿಯುತ್ತದೆ. ಅದಕ್ಕೆ 2.9 ಮೀಟರ್ ಹಾದಿ ಸೇರಿಸಿದರೆ 5.4, 3.5 ಸೇರಿಸಿದರೆ 6. ಅಂದರೆ ಅಗಲ ಹಾದಿಯಿಂದ ನೂರಕ್ಕೆ ಹತ್ತರಷ್ಟು ಜಾಗ ಹೋಗುತ್ತದೆ. ಆ ಜಾಗಕ್ಕೆ ವರ್ಷಕ್ಕೆ ಎಷ್ಟು ಬಾಡಿಗೆ ತೆರುತ್ತೀರೆಂದು ನೋಡಿ, ಎರಡನೆಯ ಯಂತ್ರದ ವೆಚ್ಚದೊಂದಿಗೆ ತೂಗಿ. ಬಾಡಿಗೆ ಕರಾರು ಎರಡು ಮೂರು ವರ್ಷದ್ದಾಗಿದ್ದರೆ ನಾನು ಮೂರು ಚಕ್ರದ್ದನ್ನೇ ಆರಿಸುತ್ತೇನೆ, ಏಕೆಂದರೆ ಗೋದಾಮು ಬದಲಾದರೂ ಅದು ಎಲ್ಲಿಯಾದರೂ ಕೆಲಸಕ್ಕೆ ಬರುತ್ತದೆ.

ಕಂಟೇನರ್‌ಗಳೂ ಬರುವುದಾದರೆ ಇನ್ನೊಂದನ್ನು ಕೇಳಿಟ್ಟುಕೊಳ್ಳಿ. ಸಾಮಾನ್ಯ ಕಂಟೇನರ್ ಬಾಗಿಲಿನ ಎತ್ತರ ಸುಮಾರು 2.28 ಮೀಟರ್. ಮಡಚಿದ ಮಾಸ್ಟ್ ಅದಕ್ಕಿಂತ ತಗ್ಗಿರಬೇಕು, ಮಾಸ್ಟ್ ಮೇಲೇರದೆ ಫೋರ್ಕ್ ಮಾತ್ರ ಏರುವಂತೆಯೂ ಇರಬೇಕು. ಆರು ಮೀಟರ್ ಏರುವ ಮಾಸ್ಟ್‌ಗಳಲ್ಲಿ ಇದು ಸಾಧಾರಣವಾಗಿ ಸಾಧ್ಯವಾಗುವುದಿಲ್ಲ, ಆಗ ಎರಡು ಯಂತ್ರಗಳ ದಾರಿಯೇ ಸರಿ.

ಗೋದಾಮು ವ್ಯವಸ್ಥಾಪಕ, ದಾಬಸ್‌ಪೇಟೆ

ಇಬ್ಬರಿಗೂ ಕೃತಜ್ಞತೆಗಳು. ನಮ್ಮಲ್ಲಿ ಕಂಟೇನರ್ ಬರುವುದಿಲ್ಲ, ಕರಾರು ಮೂರು ವರ್ಷದ್ದು. ನಕ್ಷೆಯನ್ನು ಹಿಂದಿರುಗಿಸಿ, ಎದುರುಬದುರು ಪ್ಯಾಲೆಟ್‌ಗಳ ನಡುವೆ 3.5 ಮೀಟರ್ ಉಳಿಯುವಂತೆ ಬದಲಾಯಿಸಲು ಹೇಳಿದ್ದೇನೆ. ಬ್ಯಾಟರಿ ಲೆಡ್ ಆಸಿಡ್ ಆಗಿರಲೋ, ಲಿಥಿಯಂ ಆಗಿರಲೋ? ಸಾಮಾನ್ಯವಾಗಿ ಒಂದೇ ಪಾಳಿ. ದಸರೆಯಿಂದ ದೀಪಾವಳಿಯವರೆಗೆ ಎರಡು ಪಾಳಿ ನಡೆಯುತ್ತದೆ.

ನಿರ್ವಹಣಾ ಇಂಜಿನಿಯರ್, ಪೀಣ್ಯ

ಕಂಟೇನರ್ ಇಲ್ಲ, ಕರಾರೂ ಮೂರೇ ವರ್ಷ ಎಂದ ಮೇಲೆ ಮೂರು ಚಕ್ರದ್ದೇ ಸೂಕ್ತ. ಒಂದೇ ಪಾಳಿಯಾಗಿದ್ದರೆ ಲೆಡ್ ಆಸಿಡ್ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದೆ. ಅದಕ್ಕೆ ಎಂಟು ಗಂಟೆ ಕೆಲಸ, ಎಂಟು ಗಂಟೆ ಚಾರ್ಜ್, ಆಮೇಲೆ ತಣಿಯಲು ಬಿಡುವು ಬೇಕು. ಎರಡು ಪಾಳಿಗೆ ಎರಡನೆಯ ಬ್ಯಾಟರಿಯೂ ಅದನ್ನು ಬದಲಿಸುವ ಸಲಕರಣೆಯೂ ಬೇಕಾಗುತ್ತದೆ. ಲಿಥಿಯಂ ದುಬಾರಿಯಾದರೂ ಊಟ, ಚಹಾದ ವಿರಾಮದಲ್ಲಿ ಚಾರ್ಜ್ ಮಾಡಿಕೊಳ್ಳಬಹುದು. ಇನ್ನೊಂದು ಮಾತು, ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಹಾಗಾಗಿ ಗಾಳಿಯಾಡುವ ಪ್ರತ್ಯೇಕ ಜಾಗ ಬೇಕು. ಲಿಥಿಯಂ ಆದರೆ ಆಮ್ಲ ಚೆಲ್ಲುವ ಭಯವೂ ಇಲ್ಲ, ಆಹಾರ ಪದಾರ್ಥಗಳಿರುವ ನಿಮ್ಮ ಗೋದಾಮಿಗೆ ಅದು ಒಳ್ಳೆಯದು. ಹಣ ಹೊಂದುವುದಾದರೆ ಲಿಥಿಯಂ ತೆಗೆದುಕೊಳ್ಳಿ.

ಲೆಡ್ ಆಸಿಡ್ಡೇ ಎಂದಾದರೆ ಡಿಸ್ಟಿಲ್ಡ್ ನೀರನ್ನು ಚಾರ್ಜ್ ಆದ ಮೇಲೆ ತುಂಬಬೇಕು, ಮೊದಲೇ ತುಂಬಿದರೆ ಉಕ್ಕಿ ಹರಿಯುತ್ತದೆ. ಬೋರ್‌ವೆಲ್ ನೀರನ್ನಂತೂ ಮುಟ್ಟಿಸಲೇಬೇಡಿ. ಲಿಥಿಯಂ ಬ್ಯಾಟರಿಯನ್ನು ಬೇರೆಯವರಿಂದ ಹಾಕಿಸುವುದಾದರೆ ಯಂತ್ರದ ಫಲಕದಲ್ಲಿ ನಮೂದಿಸಿರುವ ಕನಿಷ್ಠ ಬ್ಯಾಟರಿ ತೂಕವನ್ನು ಓದಿ. ಬ್ಯಾಟರಿಯೇ ಹಿಂದಿನ ಪ್ರತಿಭಾರದ ಒಂದು ಭಾಗ. ಹಗುರವಾದದ್ದನ್ನು ಹಾಕಿದರೆ ಯಂತ್ರ ಮುಂದಕ್ಕೆ ಮುಗ್ಗರಿಸುತ್ತದೆ. ಮತ್ತು ಚಾರ್ಜರ್‌ಗೆ ತ್ರೀಫೇಸ್ ಸಂಪರ್ಕ ಬೇಕಾಗಬಹುದು, ಗೋದಾಮಿಗೆ ಬೆಸ್ಕಾಂ ಮಂಜೂರು ಮಾಡಿರುವ ಲೋಡ್ ಎಷ್ಟೆಂದು ಮುಂಗಡ ಕೊಡುವ ಮೊದಲೇ ಜಾಗದ ಮಾಲೀಕರನ್ನು ವಿಚಾರಿಸಿ.