ಆರ್ಥರ್ ಪೋಸ್ಟರ್: ಕಲ್ಲಿನ ಕತ್ತಿಯೋ, ಸರೋವರದ ಕತ್ತಿಯೋ?

ಪ್ರಶ್ನೆ: ಕಾಲೇಜು ಪ್ರಾಜೆಕ್ಟಿಗೆ ಎ2 (420×594 ಮಿ.ಮೀ.) ಪೋಸ್ಟರ್, ಇಂಕ್ ಮತ್ತು ಜಲವರ್ಣದಲ್ಲಿ. ಬ್ರಿಟನ್ನಿನ ದಂತಕಥೆಯ ರಾಜ ಆರ್ಥರ್ ಕಲ್ಲಿನಿಂದ ತನ್ನ ಕತ್ತಿ ಎಕ್ಸ್‌ಕ್ಯಾಲಿಬರ್ ಕೀಳ್ತಿದಾನೆ, ಹಿಂದೆ ಸರೋವರ. ದೂರದಿಂದ ನೋಡಿದ್ರೆ ಎಲ್ಲ ಕಲಸಿಹೋದಂಗಿದೆ. ಏನು ಬದಲಿಸಲಿ?

ಉತ್ತರ 1: ಮೊದಲು ಕಥೆ ಸರಿಮಾಡ್ಕೊಳ್ಳಿ. 1485ರಲ್ಲಿ ಕ್ಯಾಕ್ಸ್‌ಟನ್ ಮುದ್ರಿಸಿದ, ಮ್ಯಾಲರಿ ಬರೆದ ಆರ್ಥರ್ ಕಥನದಲ್ಲಿ ರಾಜ ಪೆಲ್ಲಿನೋರ್ ಜೊತೆ ಕಾದಾಡುವಾಗ ಆರ್ಥರನ ಮೊದಲ ಕತ್ತಿ ಮುರಿಯುತ್ತೆ. ಸರೋವರದಿಂದ ಎದ್ದ ಕೈ ಹಿಡಿದಿರೋದು ಬೇರೆ ಕತ್ತಿ, ಅದೇ ಎಕ್ಸ್‌ಕ್ಯಾಲಿಬರ್. ಒಂದನ್ನೇ ಆರಿಸಿ. ನನ್ನ ಓಟು ಸರೋವರಕ್ಕೆ: ನೀರಿನ ಅಡ್ಡಗೆರೆ, ಕತ್ತಿಯ ನೇರಗೆರೆ, ಅಷ್ಟು ಸಾಕು.

ಉತ್ತರ 2: ಕಲಸಿದಂಗೆ ಕಾಣೋದು ಬಣ್ಣಗಳ ಗಾಢತೆ ಒಂದೇ ಮಟ್ಟದಲ್ಲಿರೋದಕ್ಕೆ. 6×8.5 ಸೆಂ.ಮೀ. ಥಂಬ್‌ನೇಲ್‌ಗಳನ್ನು (ಪುಟ್ಟ ಕರಡು ಚಿತ್ರಗಳನ್ನು) ಕಪ್ಪು, ಬೂದು, ಬಿಳಿಯಲ್ಲಷ್ಟೇ ಮಾಡಿ ನೋಡಿ. ಕತ್ತಿಗೆ ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ತಡೆದು, ಆಮೇಲೆ ಉಜ್ಜಿ ತೆಗೆಯೋ ದ್ರವ) ಹಚ್ಚಿ, ಕಾಗದದ ಬಿಳಿಯೇ ಉಳಿಯಲಿ. ಇಂಕ್ ವಾಟರ್‌ಪ್ರೂಫ್ ಆಗಿರದಿದ್ರೆ ವಾಶ್ (ತೆಳು ಜಲವರ್ಣ) ತಾಗಿದ ಕೂಡಲೇ ಗೆರೆ ಹರಡುತ್ತೆ.

ಉತ್ತರ 3: ಪ್ರಿಂಟ್ ಮಾಡಿಸೋದಾದ್ರೆ ಸ್ಕ್ಯಾನ್ 300 ಡಿಪಿಐ (ಇಂಚಿಗೆ 300 ಚುಕ್ಕಿ). ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗೋ ಹೆಚ್ಚುವರಿ ಅಂಚು) ಸೇರಿಸಿ ಫೈಲ್ 426×600 ಮಿ.ಮೀ. ಇರಲಿ.